ಕಾಯಬಲ್ಲವರು ಕೈ ಎತ್ತಿ

ಅವಳನ್ನು ಹೊಗಳುವುದಕ್ಕೆ ಗೂಡಲೂರಿನಿಂದ ಮಂಜೂರಿನವರೆಗೆ ಬೇಕಾದಷ್ಟು ಜನರಿದ್ದಾರೆ. ಹಾಗಾಗಿ ಆ ಕೆಲಸ ನಾನು ಮಾಡುವುದಿಲ್ಲ. ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಇನ್ನೂ ನಾಲ್ಕು ಜನ “ಅಯ್ಯೋ, ಆ ಸಿಸ್ಟರಾ!” ಎಂದು ಕಣ್ಣು ಒರೆಸಿಕೊಳ್ಳುತ್ತಾರೆ. ಅದನ್ನು ನೋಡಿ ನೋಡಿ ನನಗೆ ಸಾಕಾಗಿದೆ. ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು. ತೀರಿಕೊಂಡ ಮೇಲಾದರೂ ಆರೀತು ಅಂದುಕೊಂಡಿದ್ದೆ, ಆರಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಊಟಿ ಬೆಟ್ಟದ ತಪ್ಪಲಿನ ಗೂಡಲೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಹೊರರೋಗಿಗಳನ್ನು ನೋಡುವ ಕಡೆ, ಅಂದರೆ ನಾವು ಓಪಿ ಅನ್ನುವ ಕಡೆ, ನನ್ನ ಡ್ಯೂಟಿ. ನಮ್ಮದು ಅಜ್ಜನ ಕಾಲಕ್ಕೇ ಗುಂಡ್ಲುಪೇಟೆ ಕಡೆಯಿಂದ ಮಸಿನಗುಡಿಗೆ ಬಂದು ನೆಲೆಸಿದ ಒಕ್ಕಲು ಮನೆ. ಅವ್ವ ಅಲ್ಲೇ ನನ್ನ ತಮ್ಮನ ಸಂಸಾರದ ಜೊತೆ ಇದ್ದಳು. ನಾನು ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿ.

ಆ ಓಪಿಗೆ ಶಿಸ್ತು ತಂದವಳು ನಾನು. ಬೇರೆ ಯಾರೂ ಹೇಳುವುದಿಲ್ಲವಾದ್ದರಿಂದ ನಾನೇ ಹೇಳಿಕೊಳ್ಳಬೇಕು. ನಾನು ಬರುವ ಮೊದಲು ಡಾಕ್ಟರ ಬಾಗಿಲಲ್ಲಿ ದಿನಾ ನೂಕುನುಗ್ಗಲು. ಗಟ್ಟಿ ಗಂಟಲಿನವರು ಒಳಗೆ, ಮೆತ್ತಗಿನವರು ಹೊರಗೆ. ನಾನು ಔಷಧಿ ಬಂದ ಪೆಟ್ಟಿಗೆಗಳ ರಟ್ಟನ್ನು ಕತ್ತರಿಸಿ, ಬಣ್ಣದಲ್ಲಿ ನಂಬರ್ ಬರೆದು, ಟೋಕನ್ ಮಾಡಿದೆ. ಬಂದವರಿಗೆ ಒಂದೊಂದು. ನಂಬರ್ ಕರೆದಾಗ ಎದ್ದು ಬರಬೇಕು, ಅಲ್ಲಿಯವರೆಗೆ ವರಾಂಡದಲ್ಲಿ ಕೂತಿರಬೇಕು. ಮೇಲಿನ ಅಧಿಕಾರಿಗಳು ಬಂದಾಗ ಆ ಟೋಕನ್ನುಗಳನ್ನು ಕೈಯಲ್ಲಿ ಹಿಡಿದು ನೋಡಿ ಭೇಷ್ ಅಂದಿದ್ದರು.

ಆಮೇಲೆ ಅವಳು ವರ್ಗವಾಗಿ ಬಂದಳು. ಮಂಜೂರಿನ ಹತ್ತಿರದ ಒಂದು ಹಟ್ಟಿಯವಳು, ಬೆಟ್ಟದ ಬಡಗ ಜನದ ಹೆಣ್ಣು. ಕುಳ್ಳು, ಅಗಲ ಪಾದ, ಬಿಳಿ ಸೀರೆಯ ಮೇಲೆ ತಾನೇ ಹೆಣೆದುಕೊಂಡ ಹಸಿರು ಸ್ವೆಟರು. ಮಾತಾಡುವ ಮೊದಲು ಎರಡು ಬೆರಳಲ್ಲಿ ಗಲ್ಲ ಒತ್ತಿಕೊಳ್ಳುವ ಅಭ್ಯಾಸ, ಬಾಯೊಳಗೆ ಇರುವ ಮಾತನ್ನು ಒಮ್ಮೆ ಅಗಿದು ನೋಡುವವಳ ಹಾಗೆ. ನನಗಿಂತ ಚಿಕ್ಕವಳು. ಮೊದಲ ದಿನದಿಂದಲೇ “ಅಕ್ಕಾ” ಎಂದು ಕರೆದಳು. ನಾನು ಕರೆಯಲು ಹೇಳಿರಲಿಲ್ಲ.

ಮೊದಲಿಗೆ ಅವಳು ಏನೂ ಮಾಡಲಿಲ್ಲ, ಸುಮ್ಮನೆ ನೋಡಿದಳು. ನನ್ನ ಟೋಕನ್ನಿನಲ್ಲಿ ಒಂದು ತೊಡಕಿತ್ತು ನಿಜ. ಪೇಟೆಯವರು ಬೆಳಗಾಗುತ್ತಲೇ ಬಂದು ಮೊದಲ ನಂಬರುಗಳನ್ನು ಹಿಡಿದು, ಮನೆಗೆ ಹೋಗಿ ತಿಂಡಿ ತಿಂದು ಬರುತ್ತಿದ್ದರು. ದೇವಾಲ ಕಡೆಯ ಎಸ್ಟೇಟಿನ ಲೈನ್ ಮನೆಗಳವರು, ತೆಪ್ಪಕಾಡಿನ ಮಾವುತರು, ಮಸಿನಗುಡಿಯವರು ಬಸ್ಸು ಹಿಡಿದು ಬರುವಷ್ಟರಲ್ಲಿ ಕೊನೆಯ ನಂಬರುಗಳು ಉಳಿದಿರುತ್ತಿದ್ದವು. ಜ್ವರದ ಮಗುವನ್ನು ಹೊತ್ತು ಬಂದವಳೂ ಅವೇ ನಂಬರಿನಲ್ಲಿ ಕೂರಬೇಕು. ಆದರೆ ನಿಯಮ ಅಂದಮೇಲೆ ನಿಯಮ. ಒಬ್ಬರಿಗೆ ಸಡಿಲಿಸಿದರೆ ಎಲ್ಲರೂ ತಲೆ ಮೇಲೆ ಕೂರುತ್ತಾರೆ. ನಾನು ಇದನ್ನೇ ಅವಳಿಗೆ ಹೇಳಿದೆ. ಅವಳು ಗಲ್ಲ ಒತ್ತಿಕೊಂಡು, “ಸರಿ ಅಕ್ಕಾ, ಟೋಕನ್ ಇರಲಿ” ಅಂದಳು.

ಒಂದು ಸೋಮವಾರ, ಡಾಕ್ಟರು ಬರುವ ಮೊದಲು, ವರಾಂಡದ ಮೆಟ್ಟಿಲ ಮೇಲೆ ನಿಂತು ಸೆರಗು ಸಿಕ್ಕಿಸಿಕೊಂಡು ಮೊದಲು ತಮಿಳಿನಲ್ಲಿ, ಆಮೇಲೆ ನಮ್ಮ ಕನ್ನಡದಲ್ಲಿ, ಆಮೇಲೆ ತಡವರಿಸುತ್ತಾ ಮಲೆಯಾಳದಲ್ಲಿ ಕೇಳಿದಳು. “ಯಾರಿಗೆ ಅರ್ಜೆಂಟು ಅಂತ ನಾನು ಕೇಳಲ್ಲ. ಎಲ್ಲರಿಗೂ ಅರ್ಜೆಂಟೇ. ಯಾರ ಕೈಲಿ ಇವತ್ತು ಕೊಂಚ ಕಾಯೋಕಾಗುತ್ತೆ? ಕಾಯಬಲ್ಲವರು ಕೈ ಎತ್ತಿ.”

ನಾನು ಒಳಗೊಳಗೇ ನಕ್ಕೆ. ಸರ್ಕಾರಿ ಆಸ್ಪತ್ರೆಯಲ್ಲಿ ಯಾರಾದರೂ ಕಾಯುತ್ತೇನೆ ಅನ್ನುತ್ತಾರೆಯೇ? ಅಷ್ಟರಲ್ಲಿ ಮೊಳಕಾಲಿನ ಗಾಯಕ್ಕೆ ಪಟ್ಟಿ ಬದಲಿಸಿಕೊಳ್ಳಲು ಬಂದಿದ್ದ ತೆಪ್ಪಕಾಡಿನ ಮಾವುತನೊಬ್ಬ ಕೈ ಎತ್ತಿದ. “ನಾನು ಕಾಯ್ತೀನಿ ಸಿಸ್ಟರ್. ಆನೆ ಸ್ನಾನ ಮುಗಿಸೋತನಕ ಕಾಯೋವ್ನು, ಇದ್ಯಾವ ಲೆಕ್ಕ?” ಜನ ನಕ್ಕರು. ಅವನ ಹಿಂದೆ ಇನ್ನೊಂದು ಕೈ. ತಿಂಗಳ ಮಾತ್ರೆಗೆ ಬಂದ ಪೇಟೆಯ ಮುದುಕಿಯರು, ಪಟ್ಟಿಯವರು, ತುರಿಯವರು, ಒಬ್ಬೊಬ್ಬರಾಗಿ ಎತ್ತಿದರು. ಆಮೇಲೆ ಅವರವರೇ ಟೋಕನ್ ಬದಲಾಯಿಸಿಕೊಂಡರು. ನಾನು ಕತ್ತರಿಸಿ ಬಣ್ಣ ಬಳಿದ ಟೋಕನ್ನುಗಳು ಕೈಯಿಂದ ಕೈಗೆ ಹೋಗಿ, ಜ್ವರದ ಮಗುವನ್ನು ಹೊತ್ತು ಬಂದಿದ್ದ ದೇವಾಲದ ಹೆಂಗಸೊಬ್ಬಳ ಮಡಿಲಿಗೆ ಒಂದನೆಯ ನಂಬರು ಬಂತು. ಮೆಟ್ಟಿಲ ಮೇಲೆ ನಿಂತವಳು ನನ್ನ ನಿಯಮವನ್ನು ಮುರಿಯಲಿಲ್ಲ. ಮುರಿದಿದ್ದರೆ ಜಗಳವಾದರೂ ಆಡಬಹುದಿತ್ತು.

ಮಧ್ಯಾಹ್ನ ಅವಳು ಇನ್ನೊಂದು ಕೆಲಸ ಮಾಡಿದಳು. ಕಾದು ಕೂತವರ ಹತ್ತಿರ ಹೋಗಿ ಒಬ್ಬೊಬ್ಬರಿಗೂ ಹೇಳಿದಳು: “ನೀವು ಬಿಟ್ಟುಕೊಟ್ಟಿರಲ್ಲ, ಆ ಮಗೂಗೆ ಫಿಟ್ಸ್ ಬರೋ ಮೊದಲೇ ಜ್ವರ ಇಳೀತು. ಈಗ ಅಲ್ಲಿ ಬನ್ ತಿಂತಾ ಐತೆ, ನೋಡಿ.” ಅವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಆ ಮಗುವನ್ನು ತಾವೇ ಹೆತ್ತ ಹಾಗೆ.

ಅಲ್ಲಿಂದ ಅದೇ ಪದ್ಧತಿಯಾಯಿತು. ಆದರೆ ಕಾಯುವುದನ್ನು ಬರೀ ಜನರ ತಲೆಗೆ ಕಟ್ಟುವವಳಲ್ಲ ಅವಳು. ನಮ್ಮ ಡಾಕ್ಟರು ಕೊಯಮತ್ತೂರು ಕಡೆಯ ಹುಡುಗ, ಬೆಳಿಗ್ಗೆ ತಡವಾಗಿ ಬರುವುದರಲ್ಲಿ ಪಳಗಿದವನು. ಅವನಿಗೆ ಒಂದು ದಿನ ನಗುನಗುತ್ತಲೇ ಹೇಳಿದಳು, ತಡವಾದ ದಿನ ನೀವೇ ವರಾಂಡಕ್ಕೆ ಬಂದು ಯಾಕೆ ತಡವಾಯಿತು ಅಂತ ಜನಕ್ಕೆ ಒಂದು ಮಾತು ಹೇಳಿಬಿಡಿ ಸಾರ್, ಅವರು ಅಷ್ಟು ಮಾಡುವಾಗ ನಮ್ಮದೂ ಒಂದು ಪಾಲು ಬೇಡವಾ ಎಂದು. ಅವನು ಒಂದೇ ಸಲ ಬಂದು ಹೇಳಿದ. ಕಿವಿಯವರೆಗೆ ಕೆಂಪಾಗಿದ್ದ. ಮರುದಿನದಿಂದ ನನಗಿಂತ ಮೊದಲೇ ಬಂದು ಕೂತಿರುತ್ತಿದ್ದ. ಕಾಂಪೌಂಡರು ಮಾತ್ರೆಗಳನ್ನು ಮೊದಲೇ ಪೊಟ್ಟಣ ಕಟ್ಟಿಡತೊಡಗಿದ. ದೇವಾಲದ ಬಸ್ಸಿನ ಕಂಡಕ್ಟರು ಆಸ್ಪತ್ರೆ ಗೇಟಿನಲ್ಲಿ ಹಾರ್ನ್ ಹೊಡೆಸಿ ಸ್ವಲ್ಪ ನಿಲ್ಲಿಸುವುದಕ್ಕೆ ಒಪ್ಪಿದ. ಈ ಕಂಡಕ್ಟರ ಹತ್ತಿರ ನಾನು ಹಿಂದೆ ಎಷ್ಟು ಸಲ ಕೇಳಿದ್ದೆನೋ! ಆಗೆಲ್ಲ ಟೈಮ್ ಇಲ್ಲ ಸಿಸ್ಟರ್ ಎಂದು ಸೀಟಿ ಊದಿದವನು ಅವನು.

ಒಂದು ವಿಷಯದಲ್ಲಿ ಮಾತ್ರ ನಾನು ಅವಳಿಗಿಂತ ಮೇಲು. ಇಂಜೆಕ್ಷನ್. ಅವಳ ಕೈ ಸ್ವಲ್ಪ ಒರಟು. ನನ್ನ ಕೈಯಲ್ಲಿ ಮಕ್ಕಳೂ ಅಳುತ್ತಿರಲಿಲ್ಲ. ಜನ ನನ್ನ ಹತ್ತಿರ ನೋವಿಲ್ಲದೆ ಚುಚ್ಚಿಸಿಕೊಂಡು, ಹೊರಗೆ ಹೋಗಿ ಅವಳಿಗೆ ಕೈಮುಗಿಯುತ್ತಿದ್ದರು.

ಅವಳು ರಜೆ ಹೋಗಿದ್ದ ಒಂದು ಸೋಮವಾರ ನಾನೂ ಆ ಮೆಟ್ಟಿಲ ಮೇಲೆ ನಿಂತೆ. ಅವಳಿಗಿಂತ ಚೆನ್ನಾಗಿ, ಸ್ಪಷ್ಟವಾಗಿ ಕೇಳಿದೆ. ಒಂದು ಕೈಯೂ ಮೇಲೆ ಬರಲಿಲ್ಲ. ಒಬ್ಬಳು ಸೆರಗು ಸರಿಮಾಡಿಕೊಳ್ಳಲು ಎತ್ತಿದ ಕೈಯನ್ನೂ ಬೇಗ ಇಳಿಸಿಕೊಂಡಳು. ಕೊನೆಗೆ ಅದೇ ಮಾವುತ ಸಮಾಧಾನ ಮಾಡುವವನ ಹಾಗೆ ಹೇಳಿದ: “ಆ ಸಿಸ್ಟರ್ ಕೇಳಿದ್ರೆ ಕಾಯ್ತೀವಮ್ಮ. ನೀವು ನಂಬರ್ ಕೊಟ್ಟಿದ್ದೀರಲ್ಲ, ನೀವು ನಂಬರೇ ಕರೀರಿ.” ಕರೆದೆ. ಒಂದೊಂದು ನಂಬರನ್ನೂ ಹಲ್ಲು ಕಚ್ಚಿಕೊಂಡು ಕರೆದೆ.

ಇಷ್ಟನ್ನೆಲ್ಲ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ನುಂಗಲಾಗದೆ ಹೋದದ್ದು ಅವ್ವನ ವಿಷಯ.

ಅವ್ವನಿಗೆ ಬಿ.ಪಿ. ಇತ್ತು. ತಿಂಗಳಿಗೊಮ್ಮೆ ಮಸಿನಗುಡಿಯಿಂದ ಬಸ್ಸಿನಲ್ಲಿ ಬಂದು ಮಾತ್ರೆ ತೆಗೆದುಕೊಂಡು ಹೋಗುತ್ತಿದ್ದಳು. ಮಗಳು ಅಲ್ಲೇ ಸಿಸ್ಟರು. ಅವ್ವ ಬರುವ ದಿನ ನಾನು ಬಸಳೆ ಸೊಪ್ಪಿನ ಸಾರು ಮಾಡಿಟ್ಟು, ಬಸ್ಸಿನ ಸದ್ದಿಗೆ ಕಿವಿ ಕೊಟ್ಟು ಕೂತಿರುತ್ತಿದ್ದೆ. ನೇರ ಒಳಗೆ ಕರೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ, ಕ್ವಾರ್ಟರ್ಸಿಗೆ ಕರೆತಂದು ಊಟಕ್ಕೆ ಕೂರಿಸುವುದು ನನ್ನ ಹಕ್ಕು ಎಂದು ತಿಳಿದಿದ್ದೆ. ನಮ್ಮಂಥವರಿಗೆ ಸರ್ಕಾರಿ ಕೆಲಸ ಸಿಕ್ಕಮೇಲೆ ತಾಯಿಗೆ ಇಷ್ಟಾದರೂ ಮಾಡದಿದ್ದರೆ ಹೇಗೆ?

ಈ ಸಿಸ್ಟರು ವರ್ಗವಾಗಿ ಬಂದಮೇಲೆ ಅವ್ವನೂ ವರಾಂಡದಲ್ಲಿ ಕೂತಳು. ಕೂತದ್ದು ಮಾತ್ರವಲ್ಲ, ಎಲ್ಲರಿಗಿಂತ ಮೊದಲು ಕೈ ಎತ್ತಿದಳು.

“ಬಾ ಅವ್ವ ಒಳಕ್ಕೆ, ಈಗ್ಲೇ ತೋರಿಸ್ಬುಡ್ತೀನಿ” ಅಂದೆ.

“ಬುಡು ಕೂಸು. ನಂಗೇನು ಅವಸ್ರ? ಆ ಯವ್ವ ಕೇಳದ್ಲು, ನಾನು ಕಾಯ್ತೀನಿ ಅಂದಿವ್ನಿ. ನಿನ್ನ ಕೆಲ್ಸ ನೋಡ್ಕೊ ಹೋಗು.”

ಅಂದು ಅವ್ವ ಕೊನೆಯವರೆಗೂ ಅಲ್ಲೇ ಕೂತು, ದೇವಾಲದ ಹೆಂಗಸರ ಹತ್ತಿರ ಅವರ ಮಕ್ಕಳ ಹೆಸರುಗಳನ್ನೆಲ್ಲ ಕೇಳಿ ತಿಳಿದುಕೊಂಡು, ಮಾವುತನ ಆನೆಯ ಹಲ್ಲುನೋವನ್ನೂ ವಿಚಾರಿಸಿಕೊಂಡು, ನನ್ನ ಸಾರು ಆರಿ ತಣ್ಣಗಾದ ಮೇಲೆ ಬಂದಳು. ಉಣ್ಣುವಾಗಲೂ ಅವಳದೇ ಮಾತು. ಆ ಯವ್ವ ಹಿಂಗಂದ್ಲು, ಆ ಯವ್ವ ಹಂಗಂದ್ಲು. ನಾನು ಅವ್ವ ಅನ್ನುತ್ತೇನೆ. ಅವಳು ತನ್ನ ಹಟ್ಟಿಯ ಮಾತಿನಲ್ಲಿ “ಅವ್ವೆ” ಅನ್ನುತ್ತಿದ್ದಳು. ಹಾಗೆ ಕರೆದಾಗ ಅವ್ವನ ಮುಖ ಅರಳುವುದನ್ನು ನಾನು ಇಂಜೆಕ್ಷನ್ ರೂಮಿನ ಕಿಟಕಿಯಿಂದ ನೋಡಿದ್ದೇನೆ. ನಾನು ಕರೆದರೆ ಅಷ್ಟು ಅರಳುತ್ತಿರಲಿಲ್ಲ. ಎಲ್ಲರ ಪ್ರೀತಿಯನ್ನೂ ಅವಳು ಇಟ್ಟುಕೊಳ್ಳಲಿ, ನನ್ನ ಅವ್ವನನ್ನು ಬಿಟ್ಟುಬಿಡಬಾರದೇ ಅನ್ನಿಸುತ್ತಿತ್ತು.

ಹೀಗೇ ಒಂದು ತಿಂಗಳು ಅವ್ವ ಬಂದಳು. ಎಂದಿನಂತೆ ಕೈ ಎತ್ತಿದಳು, ಎಂದಿನಂತೆ ಕಂಬಳಿ ಹೊದ್ದು ವರಾಂಡದ ಕೊನೆಗೆ ಕೂತಳು. ಹಿಂದಿನ ದಿನದಿಂದ ಎಡಭುಜದಲ್ಲಿ ನೋವಿತ್ತಂತೆ. ಯಾರಿಗೂ ಹೇಳಿರಲಿಲ್ಲ. ಅಷ್ಟು ಜನರ ಮುಂದೆ ಕಾಯುತ್ತೇನೆಂದು ಕೈ ಎತ್ತಿದವಳು ಈಗ ಹೇಗೆ ಎದ್ದು ಹೋಗುವುದು ಎಂದು ಹಲ್ಲು ಕಚ್ಚಿ ಕೂತಿದ್ದಳು. ಮಾತ್ರೆಯ ಮುದುಕಿಯರು ಎಂದರೆ ಕಾಯುವವರು ಎಂದು ನಮಗೆಲ್ಲ ರೂಢಿಯಾಗಿಬಿಟ್ಟಿತ್ತು. ಅವ್ವನನ್ನು ದಾಟಿಕೊಂಡು ನಾನು ಓಡಾಡಿದೆ, ಡಾಕ್ಟರು ಓಡಾಡಿದ, ಅವಳೂ ಓಡಾಡಿದಳು. ಹೊತ್ತು ನೆತ್ತಿಗೆ ಬಂದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಕೂಗಿದಳು. ಹೋಗಿ ನೋಡಿದರೆ, ವರಾಂಡದ ಆ ಥಂಡಿ ನೆರಳಲ್ಲೂ ಅವ್ವನ ಹಣೆಯಿಂದ ಬೆವರು ಇಳಿಯುತ್ತಿತ್ತು.

ಹೃದಯದ್ದೇ ತೊಂದರೆ, ಕೂಡಲೇ ಊಟಿಗೆ ಒಯ್ಯಿರಿ ಎಂದು ಡಾಕ್ಟರು ಜೀಪು ಹತ್ತಿಸಿದ. ಯಾರೂ ಕರೆಯದಿದ್ದರೂ ಅವಳೂ ನಮ್ಮ ಜೊತೆ ಹತ್ತಿದಳು. ನಡುವಟ್ಟದ ತಿರುವುಗಳಲ್ಲಿ ಜೀಪು ಏರುತ್ತಿದ್ದರೆ ಅವ್ವನ ತಲೆ ನನ್ನ ತೊಡೆಯ ಮೇಲಿತ್ತು. ದೇವರೇ, ಇವಳನ್ನು ನನಗೆ ಬಿಡು, ಬೇರೇನೂ ಕೇಳುವುದಿಲ್ಲ ಎಂದು ಬೇಡಿಕೊಳ್ಳುತ್ತಿದ್ದೆ. ಆಗ ಅವ್ವ ಕಣ್ಣು ಬಿಟ್ಟಳು. ನನ್ನನ್ನು ನೋಡಲಿಲ್ಲ, ಎದುರು ಕೂತವಳನ್ನು ನೋಡಿದಳು.

“ನಿನ್ನ ಮಾತು ಕೆಡಿಸ್ಬುಟ್ಟೆ ಕಣವ್ವ. ಕಾಯ್ತೀನಿ ಅಂದೆ, ಆಗ್ನಿಲ್ಲ.”

ತಲೆ ನನ್ನ ತೊಡೆಯ ಮೇಲೆ, ಮಾತು ಅವಳ ಜೊತೆ. ಅವ್ವ ಸತ್ತರೆ ಅವಳ ಕೊನೆಯ ಮಾತು ಇದಾಗುತ್ತದಲ್ಲ ಅನ್ನುವುದು ಹೊಳೆದು ನನ್ನ ಮೈಯೆಲ್ಲ ಉರಿಯಿತು. ಅಷ್ಟು ಭಯದಲ್ಲೂ ಉರಿಯಿತು.

ಅವ್ವ ಉಳಿದಳು. ಉಳಿಯುತ್ತಾಳೆ ಎಂದು ಊಟಿಯ ಡಾಕ್ಟರು ಹೇಳಿದ ಕೂಡಲೇ ನಾನು ಹೊರಗೆ ಬಂದು ಅವಳ ಮೇಲೆ ಹರಿಹಾಯ್ದೆ. “ಜನಕ್ಕೆ ಕಾಯೋ ಚಟ ಹತ್ತಿಸಿದ್ದೀಯ ನೀನು! ನಿನ್ನ ಹತ್ರ ಒಳ್ಳೆಯವರು ಅನ್ನಿಸ್ಕೊಳ್ಳೋಕೆ ಸಾಯ್ತಾರೆ ಇನ್ಮೇಲೆ. ನನ್ನ ಟೋಕನ್ನಲ್ಲಿ ಯಾರಾದ್ರೂ ಹೀಗೆ ಬಿದ್ದಿದ್ರಾ?”

ಅವಳು ಗಲ್ಲ ಒತ್ತಿಕೊಂಡು ನಿಂತಳು. ಅಳುತ್ತಾಳೆ ಅಂದುಕೊಂಡೆ, ಅತ್ತಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತೇನೋ.

“ನನ್ನದು ತಪ್ಪು ಅಕ್ಕಾ” ಅಂದಳು. “ಕೈ ಎತ್ತು ಅಂದೆ, ಎತ್ತಿದ ಕೈಯನ್ನ ನೋಡಲಿಲ್ಲ. ಆದ್ರೆ ನನ್ನದೊಂದೇ ಅಲ್ಲ. ಡಾಕ್ಟರೂ ಅವ್ವೆಯ ಮುಂದೇನೆ ಹೋದರು. ನೀವೂ ಹೋದಿರಿ. ಅಷ್ಟೂ ನಾನೇ ಹೊತ್ಕೊಂಡು ಅಳ್ತಾ ಕೂತ್ರೆ, ನಾಳೆ ನೀವಿಬ್ಬರೂ ಹಂಗೇ ದಾಟಿ ಹೋಗ್ತೀರಿ.”

ಕಾಯುವುದನ್ನು ಹಂಚಿದವಳು ತಪ್ಪನ್ನೂ ಪಾಲು ಮಾಡಿ ನನ್ನ ಕೈಗೆ ಕೊಟ್ಟಳು. ಅದು ಸರಿಯೆಂದು ಗೊತ್ತಾದದ್ದರಿಂದಲೇ ನಾನು ಅವಳ ಜೊತೆ ತಿಂಗಳುಗಟ್ಟಲೆ ಮಾತು ಬಿಟ್ಟೆ.

ಮುಂದಿನ ಸೋಮವಾರ ಅವಳು ಮತ್ತೆ ಮೆಟ್ಟಿಲ ಮೇಲೆ ನಿಂತು ಅದೇ ಪ್ರಶ್ನೆ ಕೇಳಿದಳು. ಕೈಗಳು ಮೇಲೆದ್ದವು. ಈ ಸಲ ಅವಳು ಮೆಟ್ಟಿಲಿಳಿದು, ಎತ್ತಿದ ಒಂದೊಂದು ಕೈಯನ್ನೂ ಹಿಡಿದು, ನಾಡಿ ನೋಡಿ, ಮುಖ ನೋಡಿ, ಕೆಲವರ ಕೈಯನ್ನು ತಾನೇ ಕೆಳಗಿಳಿಸಿ “ನೀವು ಕಾಯೋ ಹಂಗಿಲ್ಲ, ಒಳಗೆ ಬನ್ನಿ” ಅಂದಳು. ಡಾಕ್ಟರು ಬಿ.ಪಿ. ನೋಡುವ ಯಂತ್ರವನ್ನೂ ವರಾಂಡಕ್ಕೆ ಕೊಟ್ಟ. ಅದನ್ನು ಎತ್ತಿಕೊಂಡು ಅವಳ ಹಿಂದೆ ಹಿಂದೆ ಓಡಾಡುವ ಕೆಲಸ ನನ್ನದಾಯಿತು. ಜನಕ್ಕೆ ಸಂಭ್ರಮವೋ ಸಂಭ್ರಮ. ಕೈ ಎತ್ತಿದರೆ ಸಿಸ್ಟರು ಬಂದು ಕೈ ಹಿಡಿಯುತ್ತಾಳೆ! ನಾವು ತಪ್ಪು ಮಾಡಿದರೆ ಮೆಮೋ ಬರುತ್ತದೆ. ಅವಳಿಗೆ ತಪ್ಪಿನಿಂದಲೂ ಹೆಸರು ಬಂತು.

ಕೆಲವು ವರ್ಷಗಳ ನಂತರ ಅವಳಿಗೆ ತನ್ನ ಹಟ್ಟಿಗೆ ಹತ್ತಿರದ ಕುಂದಾ ಕಡೆಗೇ ವರ್ಗವಾಯಿತು. ಹೊರಡುವ ದಿನ ಅವ್ವ ಮಸಿನಗುಡಿಯಿಂದ ಬಂದು, ಬಸ್ ಸ್ಟ್ಯಾಂಡಿನಲ್ಲಿ ಅವಳ ತಲೆ ಸವರಿ ಅತ್ತಳು. ನಾನು ಅಳಲಿಲ್ಲ. ಇನ್ನು ಅವ್ವ ಬಂದರೆ ನನ್ನ ಹತ್ತಿರವೇ ಬರಬೇಕಲ್ಲ ಅನ್ನುವ ನೆಮ್ಮದಿಯಲ್ಲಿದ್ದೆ. ಬಂದಳು ಕೂಡ. ನನ್ನ ಜೊತೆ ನೇರ ಒಳಗೆ ಬಂದು, ಬೇಗ ಮಾತ್ರೆ ತೆಗೆದುಕೊಂಡು, ಬೇಗ ಉಂಡು, ಬೇಗ ಹೊರಟುಬಿಡುತ್ತಿದ್ದಳು.

ಆ ಸಿಸ್ಟರು ತೀರಿಕೊಂಡ ಸುದ್ದಿ ಆಸ್ಪತ್ರೆಯ ಫೋನಿಗೆ ಬಂದಾಗ ಎರಡು ಸಾವಿರದ ಇಸವಿ ದಾಟಿತ್ತು. ಅವಳ ನಿವೃತ್ತಿಗೆ ಇನ್ನೂ ವರ್ಷಗಳಿದ್ದವು. ಹೊಟ್ಟೆಯಲ್ಲಿ ಗಡ್ಡೆಯಂತೆ, ಯಾರಿಗೂ ಹೇಳಿರಲಿಲ್ಲವಂತೆ. ಅವ್ವನಿಗೆ ತಿಳಿಸಿದೆ. ಆಗಲೇ ಕೋಲು ಹಿಡಿದು ನಡೆಯುತ್ತಿದ್ದ ಅವ್ವ, “ನನ್ನ ಕರ್ಕೊಂಡೋಗು” ಎಂದು ಹಟ ಹಿಡಿದಳು. ಕಾರ್ಯವೆಲ್ಲ ಮುಗಿದ ಮೇಲೆ, ಊಟಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ಮಂಜೂರಿಗೆ ಹೋದೆವು. ಅಲ್ಲಿಂದ ಹಟ್ಟಿಗೆ ಟೀ ತೋಟದ ನಡುವೆ ಅವ್ವನನ್ನು ಹಿಡಿದುಕೊಂಡು ನಡೆಸಿದೆ.

ಮನೆಯಲ್ಲಿ ಅವಳ ಮಗಳಿದ್ದಳು. ಇಪ್ಪತ್ತರ ಆಚೀಚಿನ ಹುಡುಗಿ, ಅದೇ ಕುಳ್ಳು ಮೈ. ತಾಯಿ ಗೂಡಲೂರಿನಲ್ಲಿದ್ದಷ್ಟೂ ವರ್ಷ ಈ ಮಗುವನ್ನು ಅಜ್ಜಿಯ ಹತ್ತಿರ ಹಟ್ಟಿಯಲ್ಲೇ ಬಿಟ್ಟಿದ್ದಳು. ಶನಿವಾರ ಹೋಗಿ ಭಾನುವಾರ ಹಿಂತಿರುಗುತ್ತಿದ್ದಳು. ನಮ್ಮ ಕೆಲಸದಲ್ಲಿ ಎಷ್ಟೋ ಹೆಂಗಸರ ಪಾಡು ಅದೇ ಆದ್ದರಿಂದ ನಾನು ಅದರ ಬಗ್ಗೆ ಯೋಚಿಸಿರಲಿಲ್ಲ.

ಹುಡುಗಿ ಟೀ ತಂದುಕೊಟ್ಟು, ಅವ್ವನನ್ನೇ ನೋಡುತ್ತಾ ನಿಂತಳು.

“ನೀವೇನಾ ಮಸಿನಗುಡಿ ಅವ್ವೆ?”

“ಊ ಕಣವ್ವ, ನಾನೇಯ.”

“ನಾನು ಸಣ್ಣೋಳಿದ್ದಾಗ ನಿಮ್ಮನ್ನ ಕಂಡ್ರೆ ಆಗ್ತಿರಲಿಲ್ಲ” ಅಂದಳು ಹುಡುಗಿ. ದನಿಯಲ್ಲಿ ಮುನಿಸಿರಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದಳು. “ಕಂಡೇ ಇರಲಿಲ್ಲ, ಆದ್ರೂ ಆಗ್ತಿರಲಿಲ್ಲ. ಶನಿವಾರ ಸ್ಕೂಲು ಬಿಟ್ಟ ಕೂಡ್ಲೇ ಮಂಜೂರಲ್ಲಿ ಬಸ್ ನಿಲ್ಲೋ ಕಡೆ ಹೋಗಿ ಕೂತಿರ್ತಿದ್ದೆ. ಒಂದೊಂದು ಬಸ್ ಬಂದಾಗ್ಲೂ ಎದ್ದು ನಿಲ್ತಿದ್ದೆ. ಅಮ್ಮ ಕತ್ತಲಾಗೋ ಹೊತ್ತಿಗೆ ಇಳಿಯೋರು. ಹಟ್ಟಿಗೆ ನಡ್ಕೊಂಡು ಬರ್ತಾ ದಾರೀಲೆಲ್ಲ ನಿಮ್ಮದೇ ಮಾತು. ಮಸಿನಗುಡಿ ಅವ್ವೆ ಹಂಗೆ, ಮಸಿನಗುಡಿ ಅವ್ವೆ ಹಿಂಗೆ. ಅವರಿಗೆ ಹೊಟ್ಟೆಗೇನಾದ್ರೂ ಕೊಡೋಣ ಅಂದ್ರೂ ಕೂತಲ್ಲಿಂದ ಏಳಲ್ಲ ಅಂತ. ನನ್ನ ಸ್ಕೂಲಿನ ವಿಷಯ ಹೇಳೋಷ್ಟರಲ್ಲಿ ಮನೆ ಬಂದುಬಿಡ್ತಿತ್ತು. ಬೆಳಗಾದ್ರೆ ಮತ್ತೆ ಹೊರಡೋರು. ವಾರವೆಲ್ಲ ನಮ್ಮಮ್ಮನ್ನ ನೀವೇ ಇಟ್ಕೊಂಡಿದ್ರಿ.”

ಅವ್ವ ಲೋಟ ಕೆಳಗಿಟ್ಟಳು. ಹುಡುಗಿ ಅವಳ ಎದುರಿಗೆ ನೆಲದ ಮೇಲೆ ಕೂತಳು.

“ಅದಕ್ಕೇ ಕೇಳ್ತೀನಿ ಅವ್ವೆ. ಸೋಮವಾರದಿಂದ ಶನಿವಾರದ ತನಕ ನಮ್ಮಮ್ಮ ಹೆಂಗಿರ್ತಿದ್ರು? ನಂಗೆ ಗೊತ್ತಿಲ್ಲ. ನಿಮಗೆ ಗೊತ್ತು. ಹೇಳಿ.”

ಅವ್ವ ಹುಡುಗಿಯನ್ನು ಹತ್ತಿರ ಎಳೆದುಕೊಂಡು ಹೇಳತೊಡಗಿದಳು. ಬೆಳಿಗ್ಗೆ ಅವಳು ಹೇಗೆ ಬರುತ್ತಿದ್ದಳು, ಸ್ವೆಟರಿನ ತೋಳನ್ನು ಹೇಗೆ ಮಡಿಸುತ್ತಿದ್ದಳು, ಯಾರ ಮಗುವನ್ನು ಎತ್ತಿಕೊಂಡು ಏನೆಂದು ಹಾಡುತ್ತಿದ್ದಳು. ತಿಂಗಳಿಗೊಂದು ದಿನ ಬಂದು ಕೂತವಳು ಕಂಡದ್ದರಲ್ಲಿ ಅರ್ಧ, ಎಷ್ಟೋ ವರ್ಷ ಪಕ್ಕದಲ್ಲೇ ದುಡಿದ ನನಗೆ ಗೊತ್ತಿರಲಿಲ್ಲ. ಹುಡುಗಿ ಮೆಲ್ಲಗೆ ಅವ್ವನ ತೊಡೆಯ ಮೇಲೆ ತಲೆಯಿಟ್ಟಳು. ಅವ್ವ ಅವಳ ಕೂದಲಲ್ಲಿ ಕೈಯಾಡಿಸುತ್ತಾ ಹೇಳುತ್ತಲೇ ಹೋದಳು. ನನ್ನ ಕೂದಲಲ್ಲಿ ಹಾಗೆ ಕೈಯಾಡಿಸಿದ್ದು ಯಾವಾಗ ಎಂದು ಯೋಚಿಸಿದರೆ ನೆನಪಾಗಲಿಲ್ಲ.

ಊಟಿಗೆ ಹೋಗುವ ಬಸ್ಸಿಗೆ ಹೊತ್ತಾಗುತ್ತಿತ್ತು. ಬೆಳಿಗ್ಗೆ ನನಗೆ ಡ್ಯೂಟಿ. “ಏಳವ್ವ, ಬಸ್ಸು ತಪ್ಪೋಯ್ತದೆ” ಅಂದೆ.

ಅವ್ವ ತಲೆಯೆತ್ತಿದಳು. “ನೀನು ಹೋಗು ಕೂಸು. ನಾನಿವತ್ತು ಈ ಮಗೀನ ಜೊತೆ ಇದ್ದು, ನಾಳೆ ಬತ್ತೀನಿ. ಸೋಮವಾರದಿಂದ ಹೇಳ್ತಾ ಇವ್ನಿ, ಇನ್ನೂ ಬುಧವಾರಕ್ಕೇ ಬಂದಿಲ್ಲ ನಾನು.”

ಹುಡುಗಿ ತಲೆ ಎತ್ತಲಿಲ್ಲ. ನಾನು ಚೀಲ ತೆಗೆದುಕೊಂಡು ಒಬ್ಬಳೇ ಟೀ ತೋಟದ ದಾರಿಯಲ್ಲಿ ಇಳಿದು ಬಂದು ಬಸ್ಸು ಹತ್ತಿದೆ. ಆ ಹುಡುಗಿಯ ಅಮ್ಮನನ್ನು ನಾವು ಅಷ್ಟು ವರ್ಷ ಇಟ್ಟುಕೊಂಡಿದ್ದೆವು. ನನ್ನ ಅವ್ವನನ್ನು ಒಂದು ರಾತ್ರಿ ಬಿಟ್ಟು ಬರುವುದಕ್ಕೆ ನನಗೆ ಅಷ್ಟು ಕಷ್ಟವಾಯಿತು.